ರೊಸಾರಿಯಳ ಅಡಿಗೆ, ಅಸ್ಸುಂತಳ ಮೂಗು

ಅಸ್ಸುಂತ ಪೆಲಿಕಾನೊಗೆ ಅಡಿಗೆ ಬರುತ್ತಿರಲಿಲ್ಲ. ಯುಟಿಕಾ ಊರಿನ ಪೂರ್ವದ ಕೇರಿಯಲ್ಲಿ, ಬ್ಲೀಕರ್ ಬೀದಿಯ, ವಲಸೆ ಬಂದ ಇತಾಲಿಯನ್ನರ ಮನೆಯಲ್ಲಿ ಹೆಣ್ಣಾಗಿ ಹುಟ್ಟಿ ಅಡಿಗೆ ಬಾರದು ಎಂದರೆ ಜನ ಮೂಗಿನ ಮೇಲೆ ಬೆರಳಿಡುತ್ತಿದ್ದ ಕಾಲ ಅದು. ಆದರೆ ತಪ್ಪು ಅವಳದಲ್ಲ. ಚರ್ಚಿನಲ್ಲಿ ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ಏಳೆಂಟರ ವಯಸ್ಸಿಗೆ ಮುಂಚೆಯೇ ಅವಳ ತಾಯಿ ತೀರಿಹೋಗಿದ್ದಳು. ರೈಲ್ವೆ ಯಾರ್ಡಿನಲ್ಲಿ ದುಡಿದು ಬರುತ್ತಿದ್ದ ಅಪ್ಪ ಮೇಜಿನ ಮೇಲೆ ಬ್ರೆಡ್ಡು, ಚೀಸು, ವಿನೆಗರಿನಲ್ಲಿ ನೆನೆಸಿದ ಮೆಣಸಿನಕಾಯಿ ಇಟ್ಟು, "ತಿನ್ನಿ ಮಕ್ಕಳೇ, ಒಲೆ ಹಚ್ಚೋ ಶಕ್ತಿ ಇಲ್ಲ ನಂಗೆ" ಅನ್ನುತ್ತಿದ್ದ. ಅಣ್ಣಂದಿರಿಬ್ಬರೂ ಅದನ್ನೇ ತಿಂದು ಬೆಳೆದು ಮದುವೆಯಾಗಿ ಹೋದರು. ಅಸ್ಸುಂತ ಬನಿಯನ್ ಗಿರಣಿ ಸೇರಿದಳು. ಎರಡನೇ ಮಹಾಯುದ್ಧ ಮುಗಿದ ಕೆಲವು ವರ್ಷಕ್ಕೆ ಗಿರಣಿ ಯಂತ್ರಗಳನ್ನೆಲ್ಲ ಕಟ್ಟಿಕೊಂಡು ಕೂಲಿ ಅಗ್ಗವಾದ ದಕ್ಷಿಣದ ರಾಜ್ಯಗಳಿಗೆ ಹೋಯಿತು. ಅಪ್ಪನೂ ಅದೇ ಚಳಿಗಾಲದಲ್ಲಿ ತೀರಿಹೋದ. ಮೂವತ್ತರ ಹೊಸ್ತಿಲಲ್ಲಿ ಕೆಲಸವೂ ಇಲ್ಲ, ಮನೆಯಲ್ಲಿ ಮಾತಾಡಲು ಜನರೂ ಇಲ್ಲ ಎಂಬಂತಾದಾಗ, ಅವಳು ಜೆನ್ನಾರೊನ ಹೋಟೆಲಿಗೆ ಬಡಿಸುವ ಕೆಲಸಕ್ಕೆ ಬಂದಳು.

ಹೋಟೆಲು ದೊಡ್ಡದೇನಲ್ಲ. ಹತ್ತು ಮೇಜು, ಕಿಟಕಿಯ ಪಕ್ಕ ಕೋಟು ತೂಗುಹಾಕುವ ಗೂಟಗಳ ಸಾಲು, ಹಿಂದೆ ಅಡಿಗೆಮನೆ. ನಡುವೆ ಎರಡೂ ಕಡೆ ತೂಗುವ ಬಾಗಿಲು. ಮುಂಭಾಗ ಜೆನ್ನಾರೊನದು. ದಪ್ಪ ಮೀಸೆ, ಬಾಯಲ್ಲಿ ಚುಟ್ಟಾ, ಬಂದವರಿಗೆಲ್ಲ ಮನೆಗೆ ಬಂದ ಬೀಗರಿಗೆ ಮಾಡುವಂಥ ಉಪಚಾರ. ಹಿಂಭಾಗ ಅವನ ಹೆಂಡತಿ ರೊಸಾರಿಯಳದು. ಅಲ್ಲಿ ಜೆನ್ನಾರೊ ಕೂಡ ಕೇಳಿಯೇ ಕಾಲಿಡಬೇಕು.

ಈಗ ನೆನೆದರೆ ಅಸ್ಸುಂತಳಿಗೆ ಮೊದಲು ಕಣ್ಣಿಗೆ ಬರುವುದು ಭಾನುವಾರದ ಮಧ್ಯಾಹ್ನಗಳು. ಆ ಕೇರಿಯಲ್ಲಿ ಭಾನುವಾರ ಯಾರೂ ಹೊರಗೆ ಊಟ ಮಾಡುತ್ತಿರಲಿಲ್ಲ. ಚರ್ಚಿನ ಪೂಜೆ ಮುಗಿಸಿ ಬಂದರೆ ಪ್ರತಿ ಮನೆಯಲ್ಲೂ ಮೂರು ಗಂಟೆಯ ಊಟ, ಅಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರೂ ಒಂದೇ ಮೇಜಿಗೆ. ಹಾಗಾಗಿ ಭಾನುವಾರ ಹೋಟೆಲಿಗೆ ಬರುತ್ತಿದ್ದವರು ಮನೆಯಲ್ಲಿ ಬೇಯಿಸಿಕೊಡುವವರು ಇಲ್ಲದವರು. ಹೆಂಡತಿ ಸತ್ತ ದರ್ಜಿ ಕೊಸಿಮೊ, ಮದುವೆಯಾಗದೆ ಉಳಿದ ಮೇಷ್ಟ್ರಮ್ಮಂದಿರಾದ ಅಕ್ಕತಂಗಿಯರಿಬ್ಬರು, ಗಿರಣಿಯ ಹಳೇ ಕಾವಲುಗಾರ, ಮಗಳೊಡನೆ ಮಾತು ಬಿಟ್ಟ ಮುದುಕಿ ಲೊರೆತಾ. ಬೇರೆ ಬೇರೆ ಮೇಜಿನಲ್ಲಿ ಕೂತರೂ ರೊಸಾರಿಯಳ ಟೊಮೆಟೊ ಸಾಸ್ ಬರುವ ಹೊತ್ತಿಗೆ ಎಲ್ಲರ ಮಾತೂ ಒಂದಾಗುತ್ತಿತ್ತು. ಮೊದಲು ಎಸ್ಕರೋಲ್ ಸೊಪ್ಪಿನ ಸೂಪು, ಆಮೇಲೆ ಪಾಸ್ತಾ, ಅದರ ಹಿಂದೆ ಸಾಸಿನಲ್ಲೇ ಬೆಂದ ಮಾಂಸದುಂಡೆ. ಕೊನೆಗೆ ತೆಳ್ಳಗೆ ಸೀಳಿದ ಸೋಂಪಿನ ಗಡ್ಡೆ, ಕಿತ್ತಳೆ, ವೈನು. ಎಲ್ಲ ಎದ್ದು ಹೋದ ಮೇಲೆ ರೊಸಾರಿಯ ಮತ್ತು ಅಸ್ಸುಂತ ಅಡಿಗೆಮನೆಯ ಮೂಲೆಯ ಮೇಜಿನಲ್ಲಿ ಎದುರುಬದುರು ಕೂತು ಉಣ್ಣುತ್ತಿದ್ದರು. ತಾಯಿಯ ಕೈರುಚಿ ಏನೆಂದು ಅಸ್ಸುಂತಳಿಗೆ ತಿಳಿದದ್ದೇ ಅಲ್ಲಿ.

ಅಸ್ಸುಂತ ಕೆಲಸಕ್ಕೆ ಸೇರಿ ಎಂಟೊಂಬತ್ತು ವರ್ಷವಾದ ಮೇಲೆ, ಒಂದು ಫೆಬ್ರುವರಿಯಲ್ಲಿ ರೊಸಾರಿಯ ಹಿತ್ತಲಿನ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟು ಮಾಡಿಕೊಂಡಳು. ಒಂದು ವಾರ ಹಾಸಿಗೆಯಲ್ಲಿದ್ದು ಎದ್ದು ಬಂದಳು. ಎಲ್ಲ ಮೊದಲಿನಂತೆಯೇ ಕಂಡಿತು. ಈಸ್ಟರಿಗೆ ಮುಂಚಿನ ಒಂದು ಭಾನುವಾರ, ರೊಸಾರಿಯ ಬಾಗಿಲಿಗೇ ತಂದುಕೊಟ್ಟ ಪಾಸ್ತಾವನ್ನು ಅಸ್ಸುಂತ ಅವಸರದಲ್ಲಿ ಬಡಿಸಿದ ಮೇಲೆ ದರ್ಜಿ ಕೊಸಿಮೊ ಒಂದು ತುತ್ತು ತಿಂದು ಫೋರ್ಕು ಕೆಳಗಿಟ್ಟ. ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ತೊಳೆದಂತೆ ಮಾಡಿಡುವ ಮನುಷ್ಯ.

"ಏನು ಕೊಸಿಮೊ ಮಾಮ, ಹೊಟ್ಟೆ ಸರಿಯಿಲ್ವಾ?" ಎಂದಳು ಅಸ್ಸುಂತ.

"ಹೊಟ್ಟೆ ಸರಿಯಾಗೇ ಇದೆ ತಾಯಿ," ಅವನು ದನಿ ತಗ್ಗಿಸಿದ. "ಸಾಸ್ ಸೀದಿದೆ."

ಅಷ್ಟರಲ್ಲಿ ಮೇಷ್ಟ್ರಮ್ಮಂದಿರೂ ಮುಖಮುಖ ನೋಡಿಕೊಳ್ಳುತ್ತಿದ್ದರು. ಜೆನ್ನಾರೊ ನೆಗಡಿಯ ಮೂಗನ್ನು ಒರೆಸಿಕೊಳ್ಳುತ್ತ, ಚುಟ್ಟಾದ ಹೊಗೆಯಲ್ಲಿ ಏನೂ ತಿಳಿಯದೆ ನಗುತ್ತ ಓಡಾಡುತ್ತಿದ್ದ. ಅಸ್ಸುಂತ ತಟ್ಟನೆ, "ಅಯ್ಯೋ, ಅದು ನನ್ನ ಕೆಲಸ ಕಣ್ರೀ," ಅಂದುಬಿಟ್ಟಳು. "ಸ್ವಲ್ಪ ಕೈಯಾಡಿಸು ಅಂದಿದ್ರು ರೊಸಾರಿಯಕ್ಕ. ಕಿಟಕೀಲಿ ಯಾವನನ್ನೋ ನೋಡ್ತಾ ನಿಂತೆ, ತಳ ಹಿಡೀತು."

"ಯಾವನನ್ನ?" ಎಂದಳು ಮುದುಕಿ ಲೊರೆತಾ ತಕ್ಷಣ.

"ಹೇಳಿದ್ರೆ ನೀವು ಕಿತ್ಕೊಂಡು ಹೋಗ್ತೀರ, ಹೇಳಲ್ಲ."

ಎಲ್ಲರೂ ನಕ್ಕರು. ಅಸ್ಸುಂತ ತಟ್ಟೆಗಳನ್ನು ಬಾಚಿಕೊಂಡು ಬಾಗಿಲು ತಳ್ಳಿ ಒಳಗೆ ಹೋದಳು. ಅಡಿಗೆಮನೆ ತುಂಬ ಸೀದ ವಾಸನೆ ಗವ್ವೆನ್ನುತ್ತಿತ್ತು. ಅದರ ನಡುವೆಯೇ ರೊಸಾರಿಯ ಒಲೆಯ ಮುಂದೆ ನಿಂತು, ಏನೂ ಆಗದವಳಂತೆ ಚೀಸು ತುರಿಯುತ್ತಿದ್ದಳು.

"ರೊಸಾರಿಯಕ್ಕ, ತಳ ಹತ್ತಿದೆ, ಗೊತ್ತಾಗ್ಲಿಲ್ವಾ?"

ರೊಸಾರಿಯಳ ಕೈ ನಿಂತಿತು. ಪಾತ್ರೆಯೊಳಗೆ ಬಗ್ಗಿ ನೋಡಿದಳು. ಸೌಟಿನಿಂದ ತಳ ಕೆರೆದಳು. ಕರಿ ಚಕ್ಕೆಗಳು ಮೇಲೆ ಬಂದಾಗ ಅಲ್ಲೇ ಇದ್ದ ಆಲೂಗಡ್ಡೆ ಮೂಟೆಯ ಮೇಲೆ ಕುಸಿದು ಕೂತಳು.

"ಬಿದ್ದಾಗಿಂದ ಯಾವ ವಾಸನೇನೂ ಬರಲ್ಲ ಕಣೇ," ಅಂದಳು. "ಬೆಳ್ಳುಳ್ಳಿ ಇಲ್ಲ, ತುಳಸಿ ಇಲ್ಲ, ಕಾಫಿ ಇಲ್ಲ. ಉಪ್ಪು ಹುಳಿ ನಾಲಿಗೆಗೆ ಗೊತ್ತಾಗತ್ತೆ. ಉಳಿದಿದ್ದೆಲ್ಲಾ ಒದ್ದೆ ಬಟ್ಟೆ ಅಗಿದ ಹಾಗೆ. ಡಾಕ್ಟರು ಕಾದು ನೋಡೋಣ ಅಂದ. ಎಷ್ಟು ಅಂತ ಕಾಯ್ಲಿ? ಇಷ್ಟು ದಿನ ಕೈ ಅಳತೇಲೆ ತಳ್ಳಿದೆ."

"ಜೆನ್ನಾರೊ ಅಣ್ಣಂಗೆ ಹೇಳಿದೀರಾ?"

"ಹುಚ್ಚೀನಾ ನೀನು? ಹೇಳಿದ್ರೆ ನಾಳೆ ಬೆಳಿಗ್ಗೆ ಫಿಲೊಮೆನಾ ಇಲ್ಲಿ ಬಂದು ನಿಂತಿರ್ತಾಳೆ. ನಂಗೆ ಇದ್ದ ಒಂದು ಮೂಗೂ ಹೋಯ್ತು. ಅವಳಿಗೆ ಹತ್ತು ಮೂಗು, ಎಲ್ಲಾ ಕಡೆ ತೂರಿಸ್ತಾಳೆ."

ಫಿಲೊಮೆನಾ ಜೆನ್ನಾರೊನ ತಂಗಿ. ಗಂಡ ಸತ್ತಮೇಲೆ ಎರಡು ಬೀದಿ ಆಚೆ ಒಬ್ಬಳೇ ಇದ್ದಳು. ಅತ್ತಿಗೆಯ ಸಾಸಿಗೆ ಸಕ್ಕರೆ ಜಾಸ್ತಿ ಎಂದು ಇಡೀ ಕೇರಿಗೆ ಹೇಳಿಕೊಂಡು ತಿರುಗುತ್ತಿದ್ದವಳು. ಅತ್ತಿಗೆ ಸಾಸಿಗೆ ಸಕ್ಕರೆಯನ್ನೇ ಹಾಕುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ರೊಸಾರಿಯ ಅಸ್ಸುಂತಳ ಕೈ ಹಿಡಿದಳು. "ನನ್ನ ಕೈಯಡಿಗೆ ಹೇಗಿರ್ಬೇಕು ಅಂತ ನಿಂಗೆ ಗೊತ್ತು. ದಿನಾ ನನ್ನೆದುರೇ ಕೂತು ತಿಂದಿದೀಯ. ಮೂಸಿ ಹೇಳು, ಸಾಕು. ಮಾಡೋದು ನಾನು ಮಾಡ್ತೀನಿ."

"ನಂಗೆ ಮೊಟ್ಟೆ ಬೇಯಿಸೋಕೂ ಬರಲ್ಲಕ್ಕ."

"ನಿಂಗೆ ಬೇಯಿಸು ಅಂತ ಯಾರು ಹೇಳಿದ್ರು? ಮೂಗಿದ್ಯಲ್ಲ, ಆಕಡೆ ಈಕಡೆ ಎರಡು ತೂತು? ಅಷ್ಟು ಸಾಕು."

ಹಾಗೆ ಶುರುವಾಯಿತು. ಮಾರನೆಯ ದಿನದಿಂದ ಅಸ್ಸುಂತ ಬೆಳಿಗ್ಗೆ ಬೇಗ ಬಂದು, ಜೆನ್ನಾರೊ ಮಾರುಕಟ್ಟೆಗೆ ಹೋಗಿದ್ದಾಗ ಪಾತ್ರೆಗಳ ಮೇಲೆ ಬಗ್ಗಿ ನಿಲ್ಲುತ್ತಿದ್ದಳು. ಮೊದಲ ದಿನಗಳು ಕಷ್ಟದವು.

"ಹೇಗಿದೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ? ಪಾದ್ರಿಗಳ ಪ್ರಸಂಗಾನೂ ಚೆನ್ನಾಗಿದೆ ಅಂತೀಯ, ಗೊರಕೆ ಹೊಡೀತಾ ಕೂತಿರ್ತೀಯ. ಸರಿಯಾಗಿ ಹೇಳು."

ಅಸ್ಸುಂತ ಕಣ್ಣು ಮುಚ್ಚಿಕೊಂಡಳು. "ಮಳೆ ಬಿದ್ದಾಗ ಕಬ್ಬಿಣದ ಗೇಟಿಂದ ಒಂದು ವಾಸನೆ ಬರತ್ತಲ್ಲ, ಹಾಗೆ."

"ಹಾಂ! ಟೊಮೆಟೊ ಇನ್ನೂ ಹಸಿ. ಬೇಯ್ಲಿ."

ಇನ್ನು ಸ್ವಲ್ಪ ಹೊತ್ತಾದ ಮೇಲೆ, "ಈಗ?"

"ಈಗ ಗೇಟು ಹೋಯ್ತು. ಇಸ್ತ್ರಿ ಮಾಡಿದ ಬಟ್ಟೆ ಬೀರೂಲಿ ಇಟ್ಟಹಾಗೆ. ಬೆಚ್ಚಗಿದೆ."

"ಹಾಗಾದ್ರೆ ತುಳಸಿ ಹಾಕ್ಬಹುದು," ಎನ್ನುತ್ತಿದ್ದಳು ರೊಸಾರಿಯ, ಕೈಯಲ್ಲೇ ಎಲೆ ಹರಿದು ಹಾಕುತ್ತ. ಬೆಳ್ಳುಳ್ಳಿ ಎಣ್ಣೆಯಲ್ಲಿ ಎಷ್ಟು ಹೊತ್ತಿರಬೇಕು, ಮೀನು ಇವತ್ತಿನದೋ ನಿನ್ನೆಯದೋ, ಚೀಸು ಕೆಟ್ಟಿದೆಯೋ, ಎಲ್ಲಕ್ಕೂ ಇಬ್ಬರ ನಡುವೆ ಒಂದೊಂದು ಮಾತು ಹುಟ್ಟಿಕೊಂಡಿತು. ಕೇಳಿದವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. "ಇವರಿಬ್ಬರಿಗೂ ವಯಸ್ಸಾಯ್ತು, ಏನೇನೋ ಮಾತಾಡ್ಕೊಳ್ತಾರೆ" ಎಂದು ಜೆನ್ನಾರೊ ಗಿರಾಕಿಗಳಿಗೆ ಹೇಳಿ ನಗುತ್ತಿದ್ದ. ಕೆಲವೊಮ್ಮೆ ರೊಸಾರಿಯ ಅಡಿಗೆಗೆ ಸಂಬಂಧವಿಲ್ಲದ್ದನ್ನೂ ಕೇಳುತ್ತಿದ್ದಳು. "ಹೊರಗೆ ಲೈಲಾಕ್ ಹೂ ಬಿಟ್ಟಿದೆಯಂತೆ, ಹೇಗಿದೆ ಹೇಳು," ಎನ್ನುತ್ತಿದ್ದಳು. ಅಸ್ಸುಂತ ಹೊರಗೆ ಹೋಗಿ ಮೂಸಿ ಬಂದು ಹೇಳುತ್ತಿದ್ದಳು. ಹೇಳುವಷ್ಟು ಹೊತ್ತೂ ರೊಸಾರಿಯ ಚಾಕು ಕೆಳಗಿಟ್ಟು, ಕತೆ ಕೇಳುವ ಮಗುವಿನ ಹಾಗೆ ಅವಳ ಬಾಯನ್ನೇ ನೋಡುತ್ತಿದ್ದಳು.

ಹೀಗೆ ಮೂರು ವರ್ಷದ ಮೇಲಾಯಿತು. ಹೋಟೆಲಿನ ಅಡಿಗೆ ಕೆಡಲಿಲ್ಲ. ರೊಸಾರಿಯಳ ಮೂಗು ಮರಳಲಿಲ್ಲ.

ಆ ಹೊತ್ತಿಗೆ ಸಬೀನೊ ಬಂದ. ಬಂದ ಎನ್ನುವುದು ತಪ್ಪು, ಅವನು ಯಾವಾಗಲೂ ಅಲ್ಲೇ ಇದ್ದ. ಪ್ರತಿ ಬೆಳಿಗ್ಗೆ ಬೇಕರಿಯ ವ್ಯಾನಿನಲ್ಲಿ ಬ್ರೆಡ್ಡು ತಂದುಕೊಡುತ್ತಿದ್ದವನು. ಹೆಂಡತಿ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಉದ್ದನೆಯ ಆಳು, ಮಾತು ಕಮ್ಮಿ. ಬ್ರೆಡ್ಡಿನ ಬುಟ್ಟಿ ಇಳಿಸಿ ಹೋಗುವ ಮನುಷ್ಯ ಬರುಬರುತ್ತ ಬುಟ್ಟಿ ಇಳಿಸಿಯೂ ನಿಲ್ಲತೊಡಗಿದ. ಅಸ್ಸುಂತಳಿಗೆಂದೇ ಕೊನೆಯ ತುದಿ ಚೆನ್ನಾಗಿ ಕೆಂಪಾದ ಬ್ರೆಡ್ಡನ್ನು ಬೇರೆ ಕಾಗದದಲ್ಲಿ ಸುತ್ತಿ ತರತೊಡಗಿದ. ಒಂದು ದಿನ ಹೇಳಿಯೇಬಿಟ್ಟ.

"ಸ್ಕೆನೆಕ್ಟಡೀಲಿ ನಮ್ಮಣ್ಣ ಬೇಕರಿ ತೆಗೆದಿದಾನೆ. ಜೊತೆಗೆ ಬಾ ಅಂತ ಕರೀತಿದಾನೆ. ಹೋಗೋಣ ಅಂತಿದೀನಿ."

"ಒಳ್ಳೇದಲ್ವಾ. ಹೋಗಿಬನ್ನಿ."

"ಹೋಗಿ ಬರೋಕಲ್ಲ, ಅಲ್ಲೇ ಇರೋಕೆ. ಒಬ್ಬನೇ ಹೋಗೋಕೆ ಮನಸ್ಸಿಲ್ಲ." ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ನಿಮಗೆ ಅಡಿಗೆ ಬರಲ್ಲ ಅಂತ ಇಡೀ ಕೇರಿ ಹೇಳತ್ತೆ. ಪರವಾಗಿಲ್ಲ. ನಂಗೆ ಬ್ರೆಡ್ಡು ಮಾಡೋಕೆ ಬರತ್ತೆ."

ನಲವತ್ತು ದಾಟಿದ ಮೇಲೆ ಇಂಥ ಮಾತು ಕೇಳುತ್ತೇನೆಂದು ಅಸ್ಸುಂತ ಎಣಿಸಿರಲಿಲ್ಲ. ಆದರೆ ಬಾಗಿಲ ಆಚೆ ಒಲೆಯ ಮೇಲೆ ಸಾಸ್ ಕುದಿಯುತ್ತಿತ್ತು, ಅವಳು ಬಂದು ಹೇಳುವವರೆಗೆ ರೊಸಾರಿಯ ತುಳಸಿ ಕೈಯಲ್ಲಿ ಹಿಡಿದು ಕಾಯುತ್ತಿರುತ್ತಾಳೆ. "ಆಗಲ್ಲ ಸಬೀನೊ. ಯಾಕೆ ಅಂತ ಕೇಳ್ಬೇಡಿ," ಅಂದಳು. ಅವನು ಕೇಳಲಿಲ್ಲ. ತಲೆಯಾಡಿಸಿ ಹೋದ. ಕೆಲವು ವಾರ ಬಿಟ್ಟು ಮತ್ತೊಮ್ಮೆ ಕೇಳಿದ. ಅವಳು ಮತ್ತೊಮ್ಮೆ ಅದನ್ನೇ ಹೇಳಿ, ಹಿತ್ತಲಿಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಯಾರಿಗೂ ಹೇಳಲಿಲ್ಲ.

ಆದರೆ ಫಿಲೊಮೆನಾ ಇದ್ದಳಲ್ಲ! ಅವಳು ಬೇಕರಿಯವಳ ಬಾಯಿಂದ ಸುದ್ದಿ ಹಿಡಿದು, ಒಂದು ಭಾನುವಾರ ಪೂಜೆಯಿಂದ ನೇರವಾಗಿ ಅತ್ತಿಗೆಯ ಅಡಿಗೆಮನೆಗೆ ನುಗ್ಗಿದಳು. ಪೂಜೆಗೆಂದು ತಲೆಗೆ ಹೊದ್ದ ಜಾಲರಿ ಬಟ್ಟೆಯನ್ನೂ ತೆಗೆದಿರಲಿಲ್ಲ.

"ಅತ್ತಿಗೆ, ನಿಮ್ಮ ಅಸ್ಸುಂತಂಗೆ ತಲೆ ಕೆಟ್ಟಿದ್ಯಾ? ಬ್ರೆಡ್ಡಿನ ಸಬೀನೊನ ಎರಡೆರಡು ಸಲ ಬೇಡ ಅಂದ್ಲಂತೆ. ಮುಂದಿನ ತಿಂಗಳು ಅವನು ಊರೇ ಬಿಡ್ತಾನಂತೆ. ಇವಳಿಗೇನು ರಾಜಕುಮಾರ ಬರ್ಬೇಕಾ ಕುದುರೆ ಮೇಲೆ?"

ರೊಸಾರಿಯ ಆಗಷ್ಟೇ ಖಾಲಿ ತಟ್ಟೆಗಳನ್ನು ಹಿಡಿದು ಒಳಗೆ ಬಂದ ಅಸ್ಸುಂತಳ ಮುಖ ನೋಡಿದಳು.

"ನಿಜಾನಾ?"

ಅಸ್ಸುಂತ ತಲೆ ತಗ್ಗಿಸಿದಳು.

"ಯಾಕೆ ಬೇಡ ಅಂದೆ?"

"ಸುಮ್ಮನೆ. ಇಷ್ಟ ಇರ್ಲಿಲ್ಲ."

"ಇಷ್ಟ ಇಲ್ದೆ ಅವನು ತಂದ ಬ್ರೆಡ್ಡಿನ ಕಾಗದಾನ ಮಡಿಸಿ ಮಡಿಸಿ ಇಟ್ಕೊಳ್ತೀಯಾ? ಮೂಗು ಹೋಗಿರೋದು ನಂಗೆ, ಕಣ್ಣಲ್ಲ!" ರೊಸಾರಿಯಳ ದನಿ ಏರಿತು. ಮೂಗು ಎಂದಾಕ್ಷಣ ಫಿಲೊಮೆನಾ ಕಿವಿ ನಿಮಿರಿಸಿದಳು. "ನನ್ನ ಮೂಗು ಹೋಗಿದ್ದಕ್ಕೆ ನಿನ್ನ ಬಾಳೂ ಹೋಗ್ಬೇಕಾ? ಆ ಪಾಪ ನನ್ನ ತಲೆ ಮೇಲೆ ಕಟ್ತೀಯಾ?"

ಅಸ್ಸುಂತ ತಡೆಯುವ ಮುಂಚೆಯೇ ರೊಸಾರಿಯ ಸೌಟು ಹಿಡಿದುಕೊಂಡೇ ಬಾಗಿಲು ತಳ್ಳಿ ಹೊರಗೆ ಹೋದಳು. ಗಿರಾಕಿಗಳ ಎದುರು ಅವಳು ಹಾಗೆ ಬಂದದ್ದೇ ಇಲ್ಲ. ಕೊಸಿಮೊ ಕತ್ತಿನ ಕರವಸ್ತ್ರ ಕಿತ್ತುಕೊಂಡು ಎದ್ದು ನಿಂತ. ಸೌಟಿನಿಂದ ನೆಲಕ್ಕೆ ಕೆಂಪು ಹನಿಗಳು ಬೀಳುತ್ತಿದ್ದವು.

"ಎಲ್ಲರೂ ಕೇಳಿ," ಎಂದಳು. "ಮೂರು ವರ್ಷದಿಂದ ನಂಗೆ ವಾಸನೆ ಅನ್ನೋದೇ ಇಲ್ಲ. ನೀವು ಇಷ್ಟು ದಿನ ಉಂಡಿದ್ದೆಲ್ಲಾ ಈ ಅಸ್ಸುಂತ ಮೂಸಿ ಹೇಳಿ ನಾನು ಮಾಡಿದ್ದು. ಆವತ್ತು ಸಾಸ್ ಸೀಯಿಸಿದ್ದೂ ನಾನೇ, ಅವಳಲ್ಲ. ಈಗ ಅವಳು ಮದುವೆಯಾಗಿ ಊರು ಬಿಟ್ಟು ಹೋಗ್ತಾಳೆ. ಯಾರಿಗಾದ್ರೂ ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳ್ಬಿಡಿ."

ದರ್ಜಿ ಕೊಸಿಮೊ ಮತ್ತೆ ಕೂತು ಕರವಸ್ತ್ರವನ್ನು ಕತ್ತಿಗೆ ಸಿಕ್ಕಿಸಿಕೊಂಡ.

"ಅಮ್ಮಾ, ಇನ್ನೊಂದು ಚೂರು ಬ್ರೆಡ್ಡು ಸಿಗತ್ತಾ? ತಟ್ಟೇಲಿ ಸಾಸ್ ಉಳಿದಿದೆ."

"ನಂಗೂ," ಎಂದರು ಮೇಷ್ಟ್ರಮ್ಮಂದಿರು ಒಟ್ಟಿಗೆ. ಮುದುಕಿ ಲೊರೆತಾ ಮಾತ್ರ ಅಸ್ಸುಂತಳ ಕಡೆ ತಿರುಗಿ, "ಅಂದ್ರೆ ಕಿಟಕೀಲಿ ಯಾವನೂ ಇರ್ಲಿಲ್ವಾ? ಇಷ್ಟು ವರ್ಷ ಅದು ಯಾರು ಅಂತ ಯೋಚ್ನೆ ಮಾಡಿ ಸಾಯ್ತಿದೀನಿ!" ಎಂದಳು.

ನಗದೆ ನಿಂತವನು ಜೆನ್ನಾರೊ ಒಬ್ಬನೇ. ಗಿರಾಕಿಗಳೆಲ್ಲ ಹೋದ ಮೇಲೆ ಅವನು ಕೋಟು ಹಾಕಿಕೊಂಡು ಹೊರಗೆ ನಡೆದ. ಹಲವು ದಿನ ಹೆಂಡತಿಯೊಡನೆ ತುಟಿ ಬಿಚ್ಚಲಿಲ್ಲ. ಅಸ್ಸುಂತಳೇ ಒಂದು ಮಧ್ಯಾಹ್ನ ಅವನ ಮುಂದೆ ಕಾಫಿ ಇಟ್ಟು, "ಅಣ್ಣಾ, ನನ್ನ ಬೈಯ್ರಿ. ಅಕ್ಕನ ಮೇಲೆ ಸಾಧಿಸ್ಬೇಡಿ," ಅಂದಳು.

"ಅಡಿಗೆ ವಿಷಯಕ್ಕೆ ಕೋಪ ಇಲ್ಲಮ್ಮ," ಅಂದ ಅವನು. "ಅವಳ ಹೆಸರಿನ ಹಬ್ಬಕ್ಕೆ ಸೆಂಟು ತಂದುಕೊಟ್ಟೆ. ಮೂರು ವರ್ಷವೂ. ಪ್ರತಿ ಸಲ ಹಚ್ಕೊಂಡು, 'ಎಷ್ಟು ಚೆನ್ನಾಗಿದೆ ರೀ' ಅಂದ್ಲು. ಪಕ್ಕದಲ್ಲೇ ಮಲಗಿರೋ ನಂಗೆ ಹೇಳ್ಬಾರ್ದಿತ್ತಾ? ನಾನೇನು ತಂಗೀನ ಕರ್ಕೊಂಡು ಬಂದು ಇವಳ ಎದೆ ಮೇಲೆ ಕೂರಿಸ್ತಿದ್ನಾ?"

ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ ರೊಸಾರಿಯ, "ಕೂರಿಸ್ತಿದ್ರಿ!" ಎಂದು ಅಲ್ಲಿಂದಲೇ ಕೂಗಿದಳು. ಜೆನ್ನಾರೊಗೆ ನಗು ತಡೆಯಲಾಗಲಿಲ್ಲ. ಗಂಡಹೆಂಡಿರ ಮೌನ ಅಲ್ಲಿಗೆ ಮುಗಿಯಿತು.

ಮಾತು ಸುಳ್ಳಾಗಲಿಲ್ಲ, ಫಿಲೊಮೆನಾ ಬಂದಳು. ಆದರೆ ಕರೆದದ್ದು ರೊಸಾರಿಯಳೇ. "ಹೇಗಿದ್ರೂ ಮೂಗು ತೂರಿಸೋಳು, ಪಾತ್ರೆಗೇ ತೂರಿಸ್ಲಿ" ಎಂದಳು. ಮೊದಲ ದಿನಗಳಲ್ಲಿ ಅತ್ತಿಗೆ ನಾದಿನಿಯರ ಜಗಳ ಬೀದಿಯ ಆ ತುದಿಗೆ ಕೇಳುತ್ತಿತ್ತು. ಅಸ್ಸುಂತಳ ಮದುವೆಯ ಊಟವನ್ನು ಅವರಿಬ್ಬರೇ ಸೇರಿ ಮಾಡಿದರು. ಹೊರಗೆ ಸಬೀನೊನ ಪಕ್ಕ ಹೂವಿನ ಟೋಪಿ ಹಾಕಿ ಕೂತ ಅಸ್ಸುಂತಳಿಗೆ ಒಳಗಿನಿಂದ, "ಸುಟ್ಟ ವಾಸನೆ ಅತ್ತಿಗೆ!" "ಸುಟ್ಟಿಲ್ಲ ಕಣೇ, ನಿನ್ನ ಹೊಟ್ಟೆಕಿಚ್ಚಿನ ವಾಸನೆ ಅದು!" ಎಂಬ ಕೂಗಾಟ ಕೇಳುತ್ತಿತ್ತು. ಎರಡು ಸಲ ಅಭ್ಯಾಸಬಲದಿಂದ ತಟ್ಟೆ ತರಲು ಎದ್ದಳು. ಎರಡು ಸಲವೂ ಜೆನ್ನಾರೊ ಅವಳ ಭುಜ ಹಿಡಿದು ಕೂರಿಸಿದ.

ಸ್ಕೆನೆಕ್ಟಡಿಯಲ್ಲಿ ಅವಳಿಗೆ ಒಳ್ಳೆಯ ಬಾಳು ಸಿಕ್ಕಿತು. ಬೇಕರಿಯ ಮೇಲಿನ ಮನೆ, ಮುಂಜಾನೆ ನೆಲದಡಿಯಿಂದ ಏರಿಬರುವ ಬೆಚ್ಚನೆಯ ಗಾಳಿ, ಹಿಟ್ಟು ಮೆತ್ತಿದ ಹುಬ್ಬಿನ ಸಬೀನೊ. ಅಲ್ಲಿಯೇ ಅವಳು ಅಡಿಗೆ ಕಲಿತಳು. ಕಲಿಸುವವರು ಯಾರೂ ಇರಲಿಲ್ಲ. ಪಾತ್ರೆಯ ಮೇಲೆ ಬಗ್ಗಿ ಕಣ್ಣು ಮುಚ್ಚಿದರೆ ಮುಂದಿನದು ಹೊಳೆಯುತ್ತಿತ್ತು. ಮೊದಲ ಸಲ ಸಾಸ್ ಮಾಡಿದ ದಿನ ಸಬೀನೊ ತಿಂದು, "ಯಾರೋ ನಿಮ್ಮ ಬಗ್ಗೆ ಸುಳ್ಳು ಸುದ್ದಿ ಹಬ್ಬಿಸಿದಾರೆ" ಅಂದ. ಅವನ ಬಾಯಲ್ಲಿ ಅದೇ ದೊಡ್ಡ ಭಾಷಣ. ಹದಿನೈದು ವರ್ಷ ಸಂಸಾರ ಮಾಡಿದರು. ಒಂದು ಬೇಸಿಗೆಯಲ್ಲಿ, ಬುಟ್ಟಿ ಎತ್ತುವಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಅಸ್ಸುಂತ ಯುಟಿಕಾಕ್ಕೆ ಮರಳಿದಳು. ಆಗ ಜೆನ್ನಾರೊ ಇರಲಿಲ್ಲ, ಕೊಸಿಮೊ ಇರಲಿಲ್ಲ. ಭಾನುವಾರದ ಮೇಜುಗಳಲ್ಲಿ ಬೇರೆ ಒಂಟಿಗಳು ಕೂತಿದ್ದರು. ಒಲೆಯ ಮುಂದೆ ಫಿಲೊಮೆನಾ, ಅವಳ ಹಿಂದೆ ಕುರ್ಚಿಯಲ್ಲಿ ಕಾಲು ಊದಿದ ರೊಸಾರಿಯ. ಗಿರಾಕಿಯಾಗಿ ಬಂದು ಕೂತ ಅಸ್ಸುಂತ ಐದು ನಿಮಿಷದಲ್ಲಿ ಏಪ್ರನ್ ಕಟ್ಟಿಕೊಂಡಿದ್ದಳು. ಹಾಗೆ ಇನ್ನೂ ಕೆಲವು ವರ್ಷ ಆ ಮೂವರು ಹೆಂಗಸರು ಹೋಟೆಲು ನಡೆಸಿದರು. ಮಧ್ಯಾಹ್ನ ಬಾಗಿಲು ಹಾಕಿ ಮೂಲೆಯ ಮೇಜಿಗೆ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಅಸ್ಸುಂತ ಈಗಲೂ ಹೇಳುತ್ತಾಳೆ, ಬಾಳಿನಲ್ಲಿ ಅಷ್ಟು ನಕ್ಕದ್ದು ಆಗಲೇ ಎಂದು. ರೊಸಾರಿಯ ಒಂದು ಅಕ್ಟೋಬರಿನಲ್ಲಿ, ನಿದ್ದೆಯಲ್ಲೇ ಹೋದಳು. ಹೋಟೆಲು ಮುಚ್ಚಿತು. ಕಿಟಕಿಗೆ ಹಲಗೆ ಬಡಿದರು.

ಹಲಗೆ ತೆಗೆದವರು ಬೋಸ್ನಿಯಾದ ಯುದ್ಧದಿಂದ ಓಡಿಬಂದ ಗಂಡಹೆಂಡಿರು. ಹೆಂಡತಿಯ ಹೆಸರು ಹಾಯ್ರಾ. ಕೇರಿಯ ಹಳಬರು ಮರಳಿ ಬರಲೆಂದು ಅವಳು ಎಸ್ಕರೋಲ್ ಸೂಪು, ಮಾಂಸದುಂಡೆ ಎಲ್ಲವನ್ನೂ ಉಳಿಸಿಕೊಂಡಳು. ಅಸ್ಸುಂತ ಮತ್ತು ಫಿಲೊಮೆನಾ ಈಗ ಗುರುವಾರ ಗುರುವಾರ ಅಲ್ಲಿಗೆ ಊಟಕ್ಕೆ ಹೋಗುತ್ತಾರೆ, ಒಬ್ಬರ ತೋಳು ಒಬ್ಬರು ಹಿಡಿದುಕೊಂಡು. ಫಿಲೊಮೆನಾಗೆ ಎಂಬತ್ತು ದಾಟಿದೆ, ಗೊಣಗುವುದು ಮಾತ್ರ ಹಾಗೇ ಇದೆ. ಸೂಪು ತಣ್ಣಗಿದೆ, ಕುರ್ಚಿ ಎತ್ತರ, ಪಾಸ್ತಾ ಮೆತ್ತಗೆ.

ಕಳೆದ ಗುರುವಾರ ಹಾಯ್ರಾ ಯಾರೂ ಕೇಳದಿದ್ದರೂ ಎರಡು ಬಟ್ಟಲು ತಂದಿಟ್ಟಳು. ಅನ್ನ ಮಾಂಸ ತುಂಬಿ ಬೇಯಿಸಿದ ದೊಣ್ಣೆ ಮೆಣಸಿನಕಾಯಿ.

"ಇದು ಲಿಸ್ಟಲ್ಲಿ ಇಲ್ಲ ಅಮ್ಮಂದಿರೇ. ನಮ್ಮಮ್ಮ ಮಾಡ್ತಿದ್ದ ಅಡಿಗೆ. ಇವತ್ತು ಯಾಕೋ ಮಾಡ್ಬೇಕು ಅನ್ನಿಸ್ತು."

ಫಿಲೊಮೆನಾ ಬಟ್ಟಲನ್ನು ಅನುಮಾನದಿಂದ ನೋಡಿದಳು. ಒಂದು ಚೂರು ಬಾಯಿಗಿಟ್ಟಳು. ಇನ್ನೊಂದು ಚೂರು ತಿಂದಳು. ಬಟ್ಟಲು ಖಾಲಿಯಾದ ಮೇಲೆ ಪಕ್ಕಕ್ಕೆ ಸರಿಸಿ, ಬಾಯಿ ಒರೆಸಿಕೊಂಡು, "ಉಪ್ಪು ಸ್ವಲ್ಪ ಕಮ್ಮಿ ಕಣಮ್ಮ," ಎಂದಳು. "ಇನ್ನೊಂದಿದ್ರೆ ಕೊಡು, ಸರಿಯಾಗಿ ನೋಡಿ ಹೇಳ್ತೀನಿ."

ಹಾಯ್ರಾ ನಗುತ್ತ ಒಳಗೆ ಹೋದಳು. ಅಸ್ಸುಂತ ತನ್ನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ನಿಧಾನವಾಗಿ ತಿನ್ನತೊಡಗಿದಳು. ಹೊರಗೆ ಶಾಲೆ ಬಿಟ್ಟಿತ್ತು, ಬೀದಿ ತುಂಬ ಮಕ್ಕಳ ಗದ್ದಲ.